ಕಂಬಳಿ ತಾತನ ಎದೆಯ ಮೇಲೆ ಮೂವತ್ತು ಒತ್ತು

ಬೆಳಗಿನ ಆರು ಗಂಟೆ. ನಾರಿನ್ ನದಿಯ ಮೇಲ್ದಂಡೆಯ ಈ ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯವರು ಇನ್ನೂ ಹೊರಟಿಲ್ಲ, ಹಗಲು ಪಾಳಿಯವರ ಕಣ್ಣಿಂದ ನಿದ್ದೆ ಪೂರ್ತಿ ಹೋಗಿಲ್ಲ. ನರ್ಸುಗಳು ಬಟ್ಟೆ ಬದಲಿಸುವ ಕೋಣೆಯ ನೆಲದ ಮೇಲೆ ಸೀಮೆಸುಣ್ಣದ ಒಂದು ದೊಡ್ಡ ವೃತ್ತ. ಅದರ ನಡುವೆ ಅಂಗಾತ ಮಲಗಿದ್ದಾನೆ ಕಂಬಳಿ ತಾತ. ಉಣ್ಣೆಯ ಚರ್ಮ, ಹೊಟ್ಟೆಯ ತುಂಬ ಹರಕು ಬಟ್ಟೆ, ಎದೆಯೊಳಗೆ ಹಳೇ ಬಸ್ಸಿನ ಸೀಟಿನಿಂದ ಕಿತ್ತ ಸ್ಪ್ರಿಂಗು. ಸರಿಯಾಗಿ ಐದು ಸೆಂಟಿಮೀಟರ್ ಒತ್ತಿದರೆ ಒಳಗಿನ ತಗಡು ‘ಟಿಕ್’ ಎನ್ನುತ್ತದೆ. ಒಂದು ಕೂದಲೆಳೆ ಕಡಿಮೆಯಾದರೂ ತಾತ ತುಟಿಪಿಟಕ್ ಎನ್ನುವುದಿಲ್ಲ.

ವೃತ್ತದ ಅಂಚಿನಲ್ಲಿ ಮಂಡಿಯೂರಿ ಕೂತ ಹಿರಿಯ ನರ್ಸು ಉಲ್ಕಾನ್ ಮುಷ್ಟಿಯಲ್ಲಿದ್ದ ಮೂಳೆಯನ್ನು ಉರುಳಿಸುತ್ತಾರೆ. ಕುರಿಯ ಕಾಲಿನ ಕೀಲುಮೂಳೆ, ಚೂಕೊ. ಇಲ್ಲಿನ ಮಕ್ಕಳು ಮಾತು ಕಲಿಯುವ ಮೊದಲೇ ಇದನ್ನು ಎಸೆಯುವುದು ಕಲಿತಿರುತ್ತಾರೆ. ಹೊಟ್ಟೆ ಮೇಲಾಗಿ ಬಿದ್ದರೆ ತಾತನಿಗೆ ನಾಡಿಯಿದೆ, ಉಸಿರಿಲ್ಲ. ಬೆನ್ನು ಮೇಲಾದರೆ ಎರಡೂ ಇಲ್ಲ. ಅಪರೂಪಕ್ಕೆ ಮೂಳೆ ನೆಟ್ಟಗೆ ನಿಂತುಬಿಟ್ಟರೆ ಅದು ಆಲ್ಚಿ, ತಾತ ಬದುಕಿದ ಎಂದು ಲೆಕ್ಕ. ಇವತ್ತು ಬೆನ್ನು ಮೇಲಾಗಿದೆ.

“ಕನಿಶಾಯ್, ನಿನ್ನ ಸರದಿ!”

ಇಪ್ಪತ್ಮೂರರ ಕನಿಶಾಯ್ ಹಾರಿ ಬಂದು ತಾತನ ಭುಜ ಅಲುಗಿಸುತ್ತಾಳೆ. ಅವನ ಬಾಯಿಯ ಹತ್ತಿರ ಕೆನ್ನೆ ತಂದು ಉಸಿರು ನೋಡುತ್ತಾಳೆ. ತಲೆಯೆತ್ತಿ ಬಾಗಿಲ ಕಡೆ ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ, ಮತ್ತೆ ತೆರೆಯುತ್ತಾಳೆ. ಕೊನೆಗೆ, “ಯಾರಾದ್ರೂ... ಡಾಕ್ಟ್ರೇ... ಬನ್ನಿ!”

“ಸತ್ತ,” ಎನ್ನುತ್ತಾರೆ ಉಲ್ಕಾನ್. ಸುತ್ತ ಕೂತ ಏಳು ನರ್ಸುಗಳು ನಿಟ್ಟುಸಿರು ಬಿಡುತ್ತಾರೆ. ಕನಿಶಾಯ್ ಗೆದ್ದಿಟ್ಟುಕೊಂಡಿದ್ದ ಹನ್ನೊಂದು ಮೂಳೆಗಳೂ ವೃತ್ತಕ್ಕೆ ವಾಪಸ್.

ಆಟದ ಮೊದಲ ನಿಯಮವೇ ಅದು. ಸಹಾಯಕ್ಕೆ ಕರೆಯುವಾಗ ಒಬ್ಬರನ್ನು ಹೆಸರು ಹಿಡಿದು ಕೂಗಬೇಕು, ಅವರಿಗೆ ಒಂದು ಕೆಲಸ ಹೇಳಬೇಕು. “ಯಾರಾದ್ರೂ ಬನ್ನಿ ಅಂದ್ರೆ ಯಾರೂ ಬರಲ್ಲ. ಎಲ್ಲರೂ ಪಕ್ಕದವರ ಮುಖ ನೋಡ್ತಾರೆ. ಅಷ್ಟರಲ್ಲಿ ಅರ್ಧ ನಿಮಿಷ ಹೋಯ್ತು, ಮಿದುಳೂ ಹೋಯ್ತು,” ಎನ್ನುವುದು ಉಲ್ಕಾನರ ವಿವರಣೆ.

ಕನಿಶಾಯಳ ಕಷ್ಟ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತು. ತುರ್ತು ವಿಭಾಗಕ್ಕೆ ಇರುವವರು ಒಬ್ಬರೇ ಡಾಕ್ಟರು, ಎಸೆನ್‌ಗುಲ್. ಅವರು ಅವಳ ಮಾವನ ಖಾಸಾ ಅಣ್ಣ. ಇಲ್ಲಿ ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರನ್ನು ನಾಲಿಗೆಯ ಮೇಲೆ ತರುವುದಿಲ್ಲ. ಅದೇ ಹೆಸರಿನ ಬೇರೆಯವರು ಇದ್ದರೂ ತರುವುದಿಲ್ಲ. ಕನಿಶಾಯ್ ಮದುವೆಯಾಗಿ ಎಂಟು ತಿಂಗಳು. ಈ ಆಟದಲ್ಲಿ ಅವಳ ಕೈಯಲ್ಲಿ ತಾತ ಸತ್ತಿದ್ದು ಇದು ಆರನೇ ಸಲ. ಯಾರು ಎಲ್ಲಿ ಕೆಲಸ ಮಾಡಬೇಕು ಎಂಬ ಪಟ್ಟಿಗೆ ಶನಿವಾರ ಉಲ್ಕಾನ್ ಸಹಿ ಹಾಕಬೇಕು. ಕೂಗಲಾರದವಳು ತುರ್ತು ವಿಭಾಗದಲ್ಲಿ ಉಳಿಯುವಂತಿಲ್ಲ. ಚೀಟಿ ಬರೆಯುವ ಕಿಟಕಿಗೆ ಹೋಗಬೇಕು.

ಉಲ್ಕಾನ್ ಎಜೆಗೆ ಈಗ ಐವತ್ತಾರು. ಎಜೆ ಎಂದರೆ ಅಕ್ಕ. ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವರು ಎಜೆಯೇ. ಮೂವತ್ತನಾಲ್ಕು ವರ್ಷದ ಸರ್ವಿಸು, ಸವೆದ ಮಂಡಿ, ಯಾರನ್ನೂ ಬಿಡದ ನಾಲಿಗೆ. ಈ ಮೂಳೆ ಆಟ ಶುರುವಾಗಿ ಹನ್ನೊಂದು ವರ್ಷ. ದಿನಕ್ಕೆ ಇಪ್ಪತ್ತೇ ನಿಮಿಷ, ಒಂದು ದಿನವೂ ತಪ್ಪಿಲ್ಲ. ಇವರ ವೃತ್ತದಲ್ಲಿ ಮಂಡಿಯೂರಿ ಎದ್ದು ಹೋದ ನರ್ಸುಗಳು ಇನ್ನೂರ ಹದಿನಾಲ್ಕು. ಎಷ್ಟು ಜೀವ ಉಳಿಯಿತು ಎಂದು ಕೇಳಿದರೆ ಮಾತ್ರ ಸಿಡುಕುತ್ತಾರೆ. “ಅದನ್ನ ಎಣಿಸೋದು ನನ್ನ ಕೆಲಸ ಅಲ್ಲ. ನಾನು ಮೂವತ್ತರ ತನಕ ಎಣಿಸ್ತೀನಿ, ಎರಡು ಸಲ ಉಸಿರು ಕೊಡ್ತೀನಿ, ಮತ್ತೆ ಒಂದರಿಂದ ಶುರು.”

ಮೊದಲು ಆಸ್ಪತ್ರೆಗೆ ಈ ಅಭ್ಯಾಸಕ್ಕೆಂದೇ ಪರದೇಶದಿಂದ ಒಂದು ರಬ್ಬರಿನ ಗೊಂಬೆ ಬಂದಿತ್ತು. ಕೊಳೆಯಾದೀತು ಎಂದು ಆಗಿನ ಮುಖ್ಯಸ್ಥರು ಅದನ್ನು ಪ್ಲಾಸ್ಟಿಕ್ ಸಮೇತ ಗಾಜಿನ ಕಪಾಟಿನಲ್ಲಿಟ್ಟು ಬೀಗ ಜಡಿದರು. ಬಂದ ಅತಿಥಿಗಳೆಲ್ಲ ನೋಡಿ ತಲೆದೂಗಿದರು, ನರ್ಸುಗಳು ಮುಟ್ಟಲಿಲ್ಲ. ವರ್ಷಕ್ಕೊಮ್ಮೆ ಒಂದು ಭಾಷಣ, ಒಂದು ಪರೀಕ್ಷೆ. ಮೂರು ತಿಂಗಳಲ್ಲಿ ಎಲ್ಲರಿಗೂ ಎಲ್ಲವೂ ಮರೆತಿರುತ್ತಿತ್ತು. ಉಲ್ಕಾನ್ ತಂಗಿಯ ಮನೆಗೆ ಹೋಗಿ ಕಂಬಳಿ ತಾತನನ್ನು ಹೊಲಿಸಿಕೊಂಡು ಬಂದರು. “ಮೂಳೆ ಆಡೋ ನರ್ಸಮ್ಮ” ಎಂದು ಡಾಕ್ಟರುಗಳು ಎರಡು ವರ್ಷ ಆಡಿಕೊಂಡು ನಕ್ಕರು.

ಆಟದ ಅತ್ಯಂತ ಕಠಿಣ ನಿಯಮ ಬೇರೆಯೇ ಇದೆ. ಎರಡೆರಡು ನಿಮಿಷಕ್ಕೆ ಒತ್ತುವವರು ಬದಲಾಗಬೇಕು. ಬದಲಾದಾಗೆಲ್ಲ ಮೂಳೆ ಉರುಳುತ್ತದೆ. ಆಲ್ಚಿ ಬೀಳುವ ತನಕ ನಿಲ್ಲಿಸುವಂತಿಲ್ಲ. ಒಮ್ಮೊಮ್ಮೆ ಎರಡನೇ ಉರುಳಿಗೇ ಬೀಳುತ್ತದೆ. ಒಮ್ಮೊಮ್ಮೆ ಇಪ್ಪತ್ತೂ ನಿಮಿಷ ಬೀಳುವುದಿಲ್ಲ. ಬೆವರು ತಾತನ ಮುಖದ ಮೇಲೆ ತೊಟ್ಟಿಕ್ಕುತ್ತದೆ, ತೋಳು ಕಂಪಿಸುತ್ತದೆ, ಆದರೂ ಟಿಕ್, ಟಿಕ್, ಟಿಕ್. “ಮೂಳೆಗೆ ಕರುಣೆ ಇಲ್ಲ. ಕಾಯಿಲೆಗೂ ಇಲ್ಲ. ಸಾಕಾಯ್ತು ಅಂತ ಹೇಳೋಕೆ ನೀನ್ಯಾರು?” ಎನ್ನುತ್ತಾರೆ ಎಜೆ. ಬೆಳಗಿನ ತಿಳಿಬೆಳಕಿನಲ್ಲಿ, ಇನ್ನೂ ಟೀ ಕುಡಿಯದ ಎಂಟು ಹೆಂಗಸರು ಉಣ್ಣೆಯ ಮುದುಕನೊಬ್ಬನನ್ನು ಸಾಯಲು ಬಿಡದೆ ಹೋರಾಡುವುದನ್ನು ನೋಡುತ್ತಿದ್ದರೆ ಮೈ ಜುಮ್ಮೆನ್ನುತ್ತದೆ.

ಈ ಛಲದ ಹಿಂದೆ ಹದಿನಾರು ವರ್ಷದ ಹಿಂದಿನ ಒಂದು ಮಧ್ಯಾಹ್ನವಿದೆ. ಓಣಿಯಂಥ ಉದ್ದದ ವರಾಂಡದಲ್ಲಿ ಟ್ರ್ಯಾಕ್ಟರ್ ಓಡಿಸುವವನೊಬ್ಬ ಕುಸಿದು ಬಿದ್ದ. ಇದ್ದವರು ಉಲ್ಕಾನ್ ಒಬ್ಬರೇ. ಅಂಗಳದ ಆಚೆ, ತೆರೆದ ಕಿಟಕಿಯಲ್ಲಿ ಡಾಕ್ಟರು ಟೀ ಕುಡಿಯುತ್ತಿರುವುದು ಕಾಣುತ್ತಿತ್ತು. ಆ ಡಾಕ್ಟರ ಹೆಸರೂ ಉಲ್ಕಾನರ ಮಾವನ ಹೆಸರೂ ಒಂದೇ.

“ಒಂದು ಕೂಗು ಹಾಕಿದ್ರೆ ಸಾಕಿತ್ತು. ಬಾಯಿಗೆ ಬೀಗ ಬಿದ್ದಂಗಾಯ್ತು. ಎದೆ ಒತ್ತೋದು ಬಿಟ್ಟು ಕರೆಯೋಕೆ ಓಡಿದೆ. ಹೋಗೋಕೆ ನಲವತ್ತು ಹೆಜ್ಜೆ, ಬರೋಕೆ ನಲವತ್ತು ಹೆಜ್ಜೆ. ಬಂದಾಗ ತುಟಿ ನೀಲಿ ಆಗಿತ್ತು.” ಟೀ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. “ಯಾರೂ ಬೈಲಿಲ್ಲ. ಓಡಿ ಹೋಗಿ ಕರೆದಳಲ್ಲ ಪಾಪ, ಅಂದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು.”

ಹಾಗಾಗಿ ಕನಿಶಾಯ್ ಬಾಯಿ ತೆರೆದು ಮುಚ್ಚುವಾಗಲೆಲ್ಲ ಎಜೆಗೆ ಆ ನಲವತ್ತು ಹೆಜ್ಜೆ ನೆನಪಾಗುತ್ತದೆ. ಕಳೆದ ಭಾನುವಾರ ಅವರು ಮೂಳೆಯ ಚೀಲ ಹೆಗಲಿಗೇರಿಸಿ ನೇರ ಆ ಹುಡುಗಿಯ ಗಂಡನ ಮನೆಗೇ ಹೋದರು. ಅತ್ತೆ ಬಾತ್ಮಾ ಹಿಟ್ಟಿನ ತುಂಡು ಕರಿದ ಬೋರ್ಸೋಕು, ಕೆನೆ, ಜಾಮು ಎಲ್ಲ ಹರಡಿ ಕೂರಿಸಿದರು. ವಿಷಯ ಕೇಳಿದ ಮೇಲೆ ಅವರ ಹುಬ್ಬು ಮೇಲೇರಿತು.

“ನಮ್ಮ ಸೊಸೆ ನಮ್ಮ ಭಾವನವರ ಹೆಸರು ಕೂಗ್ಬೇಕಾ? ಊರವರೆಲ್ಲ ಕೇಳೋ ಹಂಗೆ?”

“ಊರವರಿಗೆ ಬೇಡ, ಅವರೊಬ್ಬರಿಗೆ ಕೇಳಿದ್ರೆ ಸಾಕು. ನೀವು ಇಲ್ಲಿ ಮಲಗಿ ಬಾತ್ಮಾ ಎಜೆ. ನಿಮ್ಮ ಹೃದಯ ನಿಂತಿದೆ.”

“ಥೂ ನಿನ್ನ ಬಾಯಿಗೆ!” ಎನ್ನುತ್ತಲೇ ಬಾತ್ಮಾ ರತ್ನಗಂಬಳಿಯ ಮೇಲೆ ಉದ್ದಕ್ಕೆ ಮಲಗಿದರು. ಕಣ್ಣು ಮುಚ್ಚಿದರು. ಸೊಸೆ ಪಕ್ಕದಲ್ಲಿ ಮಂಡಿಯೂರಿ ಕೂತು ಭುಜ ಅಲುಗಿಸಿದಳು. ಸ್ವಲ್ಪ ಹೊತ್ತು ಕಾದು ಸತ್ತ ಅತ್ತೆಯೇ ಒಂದು ಕಣ್ಣು ತೆರೆದರು. “ಕೂಗೇ ಮಹರಾಯ್ತಿ! ನಾನು ಸಾಯ್ತಾ ಬಿದ್ದಿದೀನಿ ಇಲ್ಲಿ!”

“ನೀವೇ ಒಂದ್ಸಲ ಕೂಗಿ ತೋರ್ಸಿ ಅತ್ತೆ.”

ಬಾತ್ಮಾ ಎದ್ದು ಕೂತರು. ಬಾಯಿ ತೆರೆದರು. ಮೂವತ್ತು ವರ್ಷದಿಂದ ಭಾವನನ್ನು ‘ಬಿಳಿ ಕೋಟಿನವರು’ ಎಂದಷ್ಟೇ ಕರೆದುಕೊಂಡು ಬಂದ ಬಾಯಿ ಅದು. ಏನೂ ಹೊರಡಲಿಲ್ಲ. ಮನೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ ಬಾತ್ಮಾ ಸೆರಗಿನಂತೆ ಇಳಿಬಿದ್ದ ತಲೆವಸ್ತ್ರ ಸರಿಮಾಡಿಕೊಂಡು ತೀರ್ಪು ಕೊಟ್ಟರು. “ಈ ಹೊಸಲೊಳಗೆ ಬೇಡ. ಆಸ್ಪತ್ರೇಲಿ ಒಬ್ಬ ಮನುಷ್ಯ ಸಾಯ್ತಿದ್ರೆ ಕೂಗು. ಪಾಪ ಬಂದ್ರೆ ನನ್ನ ತಲೆ ಮೇಲಿರ್ಲಿ.”

ಅಪ್ಪಣೆ ಸಿಕ್ಕಿತು, ನಾಲಿಗೆ ಮಾತ್ರ ಹೊರಳಲಿಲ್ಲ. ಇವತ್ತು ಗುರುವಾರ; ಬೆಳಿಗ್ಗೆ ಮತ್ತೆ ತಾತ ಸತ್ತ.

ಹತ್ತೂವರೆಗೆ ಅಂಗಳಕ್ಕೆ ಬಾಡಿಗೆ ವ್ಯಾನೊಂದು ಬಂದು ನಿಲ್ಲುತ್ತದೆ. ಗರ್ಭಿಣಿಯೊಬ್ಬಳನ್ನು ಇಳಿಸಿದ ಡ್ರೈವರು ಬಾಗಿಲು ಮುಚ್ಚಲು ತಿರುಗುತ್ತಾನೆ, ಹಾಗೇ ಮಡಚಿಕೊಂಡು ನೆಲಕ್ಕೆ ಬೀಳುತ್ತಾನೆ. ಐವತ್ತರ ಆಸುಪಾಸಿನ ಗಟ್ಟಿ ಆಳು. ಹತ್ತಿರ ಇದ್ದವಳು ಕನಿಶಾಯ್. ಉಲ್ಕಾನ್ ಮೆಟ್ಟಿಲ ಮೇಲಿದ್ದಾರೆ.

ಹುಡುಗಿ ಭುಜ ಅಲುಗಿಸುತ್ತಾಳೆ. ಬಾಯಿಯ ಹತ್ತಿರ ಕೆನ್ನೆ ತರುತ್ತಾಳೆ. ಉಸಿರಿಲ್ಲ. ತಲೆಯೆತ್ತುತ್ತಾಳೆ. ಬಾಯಿ ತೆರೆಯುತ್ತದೆ. ಆ ಒಂದು ಗಳಿಗೆ ಉಲ್ಕಾನರ ಕಾಲು ಮೆಟ್ಟಿಲಿಗೆ ಅಂಟಿಕೊಂಡಿದೆ.

“ಎಸೆನ್‌ಗುಲ್! ಶಾಕ್ ಯಂತ್ರ ತನ್ನಿ! ಎಸೆನ್‌ಗುಲ್!”

ದೊಡ್ಡಮಾವ ಅಂತಿಲ್ಲ, ಡಾಕ್ಟರೇ ಅಂತಿಲ್ಲ. ಅಂಗಳದಲ್ಲಿ ಬಿಸಿಲಿಗೆ ಕೂತ ಮುದುಕರು ಬೆಚ್ಚಿ ತಿರುಗುತ್ತಾರೆ. ಎರಡನೇ ಕೂಗು ಮುಗಿಯುವಷ್ಟರಲ್ಲಿ ಕನಿಶಾಯಳ ಕೈ ಆ ಎದೆಯ ಮೇಲಿದೆ, ಬಾಯಲ್ಲಿ ಎಣಿಕೆ ಶುರುವಾಗಿದೆ. ಒಳಗಿನಿಂದ ಎಸೆನ್‌ಗುಲ್ ಒಂದೇ ಚಪ್ಪಲಿಯಲ್ಲಿ, ಯಂತ್ರವನ್ನು ಎದೆಗವಚಿಕೊಂಡು ಓಡಿ ಬರುತ್ತಾರೆ, ಅವರ ಹಿಂದೆಯೇ ಉಳಿದ ನರ್ಸುಗಳು.

ಆಮೇಲಿನ ಒಂಬತ್ತು ನಿಮಿಷ ಕಂಡವರು ಅದನ್ನು ಮರೆಯಲಾರರು. ಯಾರೂ ಕಿರುಚುವುದಿಲ್ಲ, ಯಾರೂ ಯಾರಿಗೂ ಅಡ್ಡ ಬರುವುದಿಲ್ಲ. ಮೂವತ್ತು, ಎರಡು. ಮೂವತ್ತು, ಎರಡು. ಎರಡು ನಿಮಿಷಕ್ಕೆ ಒಬ್ಬಳು ಜಾರುತ್ತಾಳೆ, ಅವಳ ಕೈ ಎದ್ದ ಜಾಗದಲ್ಲಿ ಇನ್ನೊಬ್ಬಳ ಕೈ ಇಳಿಯುತ್ತದೆ. ಮೊದಲ ಶಾಕಿಗೆ ಏನೂ ಇಲ್ಲ. ಎರಡನೆಯದಕ್ಕೂ ಇಲ್ಲ. ನಿಲ್ಲಿಸಬೇಕು ಎಂಬ ಯೋಚನೆ ಒಬ್ಬಳ ಮುಖದಲ್ಲೂ ಸುಳಿಯುವುದಿಲ್ಲ. ಉಲ್ಕಾನ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಅವರ ತುಟಿ ಮಾತ್ರ ಎಣಿಸುತ್ತಿದೆ. ಮೂರನೇ ಶಾಕ್ ಕೊಟ್ಟು ಮತ್ತೆ ಒತ್ತುತ್ತಿರುವಾಗ ಡ್ರೈವರ ಕೈ ತಾನಾಗಿ ಮೇಲೆದ್ದು ಕನಿಶಾಯಳ ಮಣಿಕಟ್ಟನ್ನು ದೂಡುತ್ತದೆ.

ಸಂಜೆ, ಅವನನ್ನು ಕಳಿಸಿದ್ದ ನಗರದ ದೊಡ್ಡ ಆಸ್ಪತ್ರೆಯಿಂದ ಫೋನು ಬಂತು. ಡ್ರೈವರಿಗೆ ಎಚ್ಚರವಾಗಿದೆ, ವ್ಯಾನಿನ ಕೀಲಿ ಯಾರ ಹತ್ತಿರ ಇದೆ ಎಂದು ಕೇಳುತ್ತಿದ್ದಾನಂತೆ. ಕನಿಶಾಯ್ ಎಸೆನ್‌ಗುಲ್ ಅವರ ಬಾಗಿಲಿಗೆ ಹೋಗಿ, ಸೊಸೆಯರು ಹಿರಿಯರಿಗೆ ಬಾಗುವಂತೆ ನಡು ಬಗ್ಗಿಸಿ ಮೂರು ಸಲ ನಮಿಸಿದಳು. ಅವರು ಗಂಟಲು ಸರಿಪಡಿಸಿಕೊಂಡು, “ಧ್ವನಿ ಚೆನ್ನಾಗಿದೆ ಮಗಳೇ. ಬೇಗ ಕೇಳಿಸ್ತು,” ಎಂದಷ್ಟೇ ಹೇಳಿ ಕಡತದಲ್ಲಿ ಮುಖ ಮರೆಸಿಕೊಂಡರು.

ಈಗ ಟೀ ಹೊತ್ತು. ಹುಡುಗಿಯರ ಗಲಾಟೆಯೋ ಗಲಾಟೆ. ಆ ಖುಷಿಯ ಭರದಲ್ಲೇ ಕನಿಶಾಯ್ ಕೇಳಿಬಿಡುತ್ತಾಳೆ: “ಎಜೆ, ಅವತ್ತು ಕಿಟಕೀಲಿ ಕೂತಿದ್ದ ಡಾಕ್ಟ್ರ ಹೆಸರೇನು?”

ಉಲ್ಕಾನ್ ಬಟ್ಟಲು ಕೆಳಗಿಟ್ಟು ಅವಳನ್ನೇ ನೋಡುತ್ತಾರೆ. ಕಣ್ಣು ತುಂಬಿದೆ, ಮುಖದಲ್ಲಿ ನಗು.

“ಅದು ಇವತ್ತಿಗೂ ನನ್ನ ಬಾಯಲ್ಲಿ ಬರಲ್ಲ ಕಣೇ. ಮಾವ ಹೋಗಿ ಆರು ವರ್ಷ ಆಯ್ತು. ಹೊಳೆ ದಂಡೇಲಿ ಒಬ್ಬಳೇ ನಿಂತ್ಕೊಂಡು ಎಷ್ಟು ಸಲ ಕೂಗೋಕೆ ನೋಡಿದೀನೋ, ತುಟಿ ತನಕ ಬಂದು ನಿಂತುಬಿಡುತ್ತೆ. ನನ್ನ ಕೈಲಿ ಆಗಲಿಲ್ಲ. ಇವತ್ತು ನೀನು ಕೂಗಿದ್ಯಲ್ಲ, ಅದನ್ನ ನಿಂತು ಕೇಳಿದೆ. ನನಗಷ್ಟು ಸಾಕು.”