ಒಂದೇ ದಿಕ್ಕಿಗೆ ಎಳೆಯುವ ಕೈ

ಬೆಳಕು ಹರಿಯುವ ಹೊತ್ತು. ಕಾರ್ಖಾನೆಯ ಉಳಿದ ಕೋಣೆಗಳಲ್ಲಿ ಇನ್ನೂ ದೀಪ ಹತ್ತಿಲ್ಲ. ಕೊನೆಯ ಕೋಣೆಯಲ್ಲಿ ಧೂಳು ಬೀಳದಂತೆ ಅಡಿಯಿಂದ ಮುಡಿಯವರೆಗೆ ಬಿಳಿ ಉಡುಪು ತೊಟ್ಟ ಹೆಂಗಸೊಬ್ಬರು ಕನ್ನಡಕದ ಪುಟ್ಟ ಗಾಜಿನ ಮೇಲೆ ಮಖಮಲ್ ಬಟ್ಟೆ ಎಳೆಯುತ್ತಿದ್ದಾರೆ. ಒಂದೇ ದಿಕ್ಕು, ಒಂದೇ ಒತ್ತಡ. ಇಲ್ಲಿ ಎಲ್ಲರಿಗೂ ಇವರು ‘ಮಖಮಲ್ ಅಕ್ಕ’.

ಗಾಜಿನ ಮೇಲಿರುವುದು ಕಣ್ಣಿಗೆ ಕಾಣದಷ್ಟು ತೆಳುವಾದ ಪಾಲಿಮರ್ ಲೇಪ. ಎರಡು ಗಾಜುಗಳ ನಡುವೆ ತುಂಬುವ ದ್ರವಸ್ಫಟಿಕದ (ಲಿಕ್ವಿಡ್ ಕ್ರಿಸ್ಟಲ್) ಕಣಗಳು ಬಟ್ಟೆ ಎಳೆದ ದಿಕ್ಕಿಗೇ ಸಾಲಾಗಿ ಮಲಗುತ್ತವೆ. ಸಣ್ಣ ಬ್ಯಾಟರಿಯಿಂದ ವಿದ್ಯುತ್ ಹಾಯಿಸಿದರೆ ಎದ್ದು ನಿಂತು ಬೆಳಕನ್ನು ಬೇರೆ ರೀತಿ ಬಾಗಿಸುತ್ತವೆ. ದೂರ ನೋಡುವ ಕನ್ನಡಕ ಆ ಕ್ಷಣವೇ ಓದುವ ಕನ್ನಡಕವಾಗುತ್ತದೆ.

“ಗಾಜು ಒರೆಸೋಕೆ ಇಷ್ಟೆಲ್ಲ ವೇಷ ಯಾಕೆ ಅಂತಾರೆ ನಮ್ಮತ್ತೆ,” ಅಕ್ಕ ನಗುತ್ತಾರೆ. “ಒರೆಸೋದಲ್ಲ ಅತ್ತೆ, ತಲೆ ಬಾಚಿದ ಹಾಗೆ ಅಂತೀನಿ. ಒಂದು ಕೂದಲು ಅಡ್ಡ ಹೋದ್ರೂ ಕೆಟ್ಟಿತು.”

ಮೊದಲು ಇವರು ಒಡವೆ ಪೆಟ್ಟಿಗೆಗಳಿಗೆ ಮಖಮಲ್ ಅಂಟಿಸುತ್ತಿದ್ದವರು. ಬಟ್ಟೆಯ ನವಿರು ಬಲ್ಲ ಕೈ ಬೇಕೆಂದು ಇಲ್ಲಿನ ಎಂಜಿನಿಯರಮ್ಮ ಕರೆತಂದು, ಪಕ್ಕದಲ್ಲೇ ನಿಂತು ಕೆಲಸ ಕಲಿಸಿದರು. ಚಪ್ಪಟೆ ಗಾಜಿಗೆ ಯಂತ್ರವಿದೆ. ಬಾಗಿದ ಹೊಸ ಮಾದರಿಗೆ ಇನ್ನೂ ಕೈಯೇ ಗತಿ. ದಿನಕ್ಕೆ ನಲವತ್ತು ಗಾಜು ಇವರ ಪಾಲು.

ಹೋದ ವರ್ಷ ಮೆಟ್ಟಿಲಿನಿಂದ ಬಿದ್ದು ಬಲಭುಜ ಮುರಿಯಿತು. ಮೂಳೆ ಕೂಡಿಕೊಂಡ ಮೇಲೂ ಕೈ ನಡುಗುತ್ತಿತ್ತು. ಪ್ಯಾಕಿಂಗ್ ವಿಭಾಗಕ್ಕೆ ಹೋಗಿ ಎಂದರು ಎಂಜಿನಿಯರಮ್ಮ.

“ಎಡಗೈ ಇದೆಯಲ್ಲ ಮೇಡಂ, ಅದಕ್ಕೂ ಒಂದವಕಾಶ ಕೊಡಿ ಅಂದೆ.”

ತಿರಸ್ಕೃತ ಗಾಜುಗಳ ಮೇಲೆ ತಿಂಗಳುಗಟ್ಟಲೆ ಅಭ್ಯಾಸ. ಜೋಡಿಸಿದ ಗಾಜನ್ನು ಬೆಳಕು ಸೋಸುವ ಎರಡು ಹಾಳೆಗಳ ನಡುವೆ ಇಟ್ಟಾಗ ಪೂರ್ತಿ ಕಪ್ಪಾಗಬೇಕು. ಬಿಳಿ ಗೆರೆ ಕಂಡರೆ ಕೈ ತಪ್ಪಿದೆ ಎಂದೇ ಅರ್ಥ. ಗೆರೆಗಳು ಬರುತ್ತಲೇ ಇದ್ದವು. ಸಾಕು ಬಿಡು ಎಂದ ಗಂಡನಿಗೆ, “ನಡೆಯೋಕೆ ಕಲಿಯೋ ಮಗು ಬಿತ್ತು ಅಂತ ಎತ್ತಿ ಪ್ಯಾಕ್ ಮಾಡಿಡ್ತೀವಾ?” ಎಂದು ಕೇಳಿದರಂತೆ.

ಒಂದು ಬೆಳಿಗ್ಗೆ ಗಾಜು ಇದ್ದಿಲಿನಂತೆ ಕಪ್ಪಾಯಿತು. ಮರುದಿನವೂ ಹಾಗೆಯೇ. ಎಂಜಿನಿಯರಮ್ಮ ಬಹಳ ಹೊತ್ತು ನೋಡಿ, “ನಿಮ್ಮ ಜಾಗಕ್ಕೆ ಬನ್ನಿ ಅಕ್ಕ” ಎಂದರು.

ಎಡಗೈ ಹದ ಮಾಡಿದ ಗಾಜಿನ ಕನ್ನಡಕವನ್ನು ಕಳೆದ ವಾರ ಗಡಿಯಾರ ರಿಪೇರಿಯ ಹಿರಿಯರೊಬ್ಬರು ತಮ್ಮ ಅಂಗಡಿಯಲ್ಲೇ ಪರೀಕ್ಷೆಗೆಂದು ಹಾಕಿಕೊಂಡರು. ಗಡಿಯಾರದ ಮುಳ್ಳು ನೋಡಿದರು, ತಲೆಯೆತ್ತಿ ಬೀದಿಯಾಚೆಯ ಮರ ನೋಡಿದರು, ಮತ್ತೆ ರಿಪೇರಿಗೆ ಬಾಗಿದರು. ಕಾರ್ಖಾನೆಯವರ ಜೊತೆ ಹೋಗಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ಯಾರೂ ಪರಿಚಯಿಸಲಿಲ್ಲ. ಬೇಸರವಾಗಲಿಲ್ಲವೇ?

“ಕಣ್ಣ ಮುಂದೆ ಗಾಜಿದೆ ಅನ್ನೋದೇ ಅವರಿಗೆ ಮರೆತುಹೋಗಿತ್ತು,” ಎನ್ನುತ್ತಾರೆ ಅಕ್ಕ, ಮುಂದಿನ ಗಾಜು ಎತ್ತಿಕೊಳ್ಳುತ್ತ. “ಅದಕ್ಕಿಂತ ದೊಡ್ಡ ಹೊಗಳಿಕೆ ಇನ್ನೇನು ಬೇಕು?”