ಎಡಗಣ್ಣಿಗೆ ಕಾಣದ ತೇಪೆ

ಬೆಳಗಿನ ಐದೂಮುಕ್ಕಾಲು. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತ ಹೆಂಗಸೊಬ್ಬರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ತೊಡೆಯ ಮೇಲಿನ ಕಡುನೀಲಿ ಅಂಗಿಯನ್ನು ನೋಡುತ್ತಾರೆ. ಆಮೇಲೆ ಬಲಗಣ್ಣು ಮುಚ್ಚಿ ಅದನ್ನೇ ನೋಡುತ್ತಾರೆ. ಮತ್ತೆ ಎಡಗಣ್ಣು ಮುಚ್ಚುತ್ತಾರೆ. ತುಟಿಯೊಳಗೇ ಏನೋ ಬೈದುಕೊಂಡು, ಸಣ್ಣ ಕತ್ತರಿಯ ತುದಿಯಿಂದ ಮೊಣಕೈ ಹತ್ತಿರದ ತೇಪೆಯ ಹೊಲಿಗೆ ಬಿಚ್ಚತೊಡಗುತ್ತಾರೆ. ಅದು ಬೇರೆ ಯಾರೋ ಹಾಕಿದ ಹೊಲಿಗೆಯಲ್ಲ. ಅವರದ್ದೇ.

ಹೊರಗೆ ಕುದುರೆಗಳ ಬೆಳಗಿನ ಓಟ ಶುರುವಾಗಿದೆ. ಗೊರಸಿನ ಸದ್ದು ಹತ್ತಿರ ಬಂದು ಗೋಡೆಯನ್ನು ಸಣ್ಣಗೆ ನಡುಗಿಸಿ ದೂರ ಹೋಗುತ್ತದೆ. ಅವರು ತಲೆ ಎತ್ತುವುದಿಲ್ಲ. ಈ ಕೋಣೆಗೆ ಬಂದು ಇಪ್ಪತ್ಮೂರು ವರ್ಷವಾದರೂ ಅವರಿಗೆ ಕುದುರೆ ಕಂಡರೆ ಆಗುವುದಿಲ್ಲ. "ಒಂದ್ಸಲ ಹತ್ರ ಹೋಗಿದ್ದೆ. ನನ್ನ ಏಪ್ರನ್ ಜೇಬಿಗೇ ಬಾಯಿ ಹಾಕ್ತು. ಅವತ್ತೇ ಕೊನೆ," ಎನ್ನುತ್ತಾರೆ.

ಇದು ಕುದುರೆ ಓಟದ ಮೈದಾನದ ಬಣ್ಣದ ಕೋಣೆ. ಪ್ರತಿ ಮಾಲೀಕನಿಗೂ ತನ್ನದೇ ಬಣ್ಣದ, ತನ್ನದೇ ಪಟ್ಟೆ-ಚುಕ್ಕಿಗಳ ಅಂಗಿ ಇರುತ್ತದೆ. ಅವನ ಕುದುರೆ ಏರುವ ಜಾಕಿ ಅದನ್ನೇ ತೊಡಬೇಕು. ದೂರದಲ್ಲಿ ಕುಳಿತ ಜನ ಕುದುರೆಯನ್ನು ಗುರುತಿಸುವುದು ಅದರ ಮುಖ ನೋಡಿ ಅಲ್ಲ, ಈ ಬಣ್ಣ ನೋಡಿ. ಇಲ್ಲಿ ಅಂಥ ಮುನ್ನೂರ ಹನ್ನೆರಡು ಅಂಗಿಗಳು, ಅವುಗಳ ಟೋಪಿಗಳು ಇವೆ. ಓಟದ ದಿನ ಎಪ್ಪತ್ತು-ಎಂಬತ್ತು ಅಂಗಿ ಹೊರಗೆ ಹೋಗುತ್ತವೆ, ಕೆಸರಾಗಿ ವಾಪಸು ಬರುತ್ತವೆ, ಐದಾರು ಹರಿದಿರುತ್ತವೆ. ಒಗೆಯುವುದು, ಇಸ್ತ್ರಿ ಹಾಕುವುದು, ತೇಪೆ ಹಚ್ಚುವುದು, ಯಾವ ಅಂಗಿ ಯಾರ ಕೈಗೆ ಎಂದು ನೋಡಿ ಕೊಡುವುದು, ಎಲ್ಲ ಒಬ್ಬರೇ. ಜಾಕಿಗಳು ಅವರನ್ನು ಬಣ್ಣದಕ್ಕ ಎನ್ನುತ್ತಾರೆ. ಕ್ಲಬ್ಬಿನ ವಾರ್ಷಿಕ ಪುಸ್ತಕದಲ್ಲಿ ತೋಟದ ಹುಲ್ಲು ಕತ್ತರಿಸುವ ಯಂತ್ರದ ಫೋಟೊ ಇದೆ, ಅವರದ್ದಿಲ್ಲ.

ಮದುವೆಗೆ ಮುಂಚೆ ಅವರು ಶಾಲಾ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿದ್ದರು. ದಿನವಿಡೀ ಒಂದೇ ಬೂದು ಬಣ್ಣ. ಗಂಡ ಇಲ್ಲಿನ ಲಾಯದಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವರು, ಈಗ ನಿವೃತ್ತರು. ಹಿಂದಿನ ದರ್ಜಿ ಕೆಲಸ ಬಿಟ್ಟಾಗ ಹೆಂಡತಿಯ ಹೆಸರು ಹೇಳಿದ್ದು ಅವರೇ. "ನಾನು ಕಾಲು ನೋಡ್ಕೋತಿದ್ದೆ, ಇವಳು ಮೇಲಿನದು ನೋಡ್ಕೋತಿದ್ಲು. ಮಧ್ಯದ ಕುದುರೆ ಮಾತ್ರ ಬೇರೆಯವ್ರದ್ದು," ಎಂದು ನಗುತ್ತಾರೆ. ಬೆಳಿಗ್ಗೆ ಫ್ಲಾಸ್ಕಿನಲ್ಲಿ ಚಹಾ ತಂದುಕೊಟ್ಟು ಬಾಗಿಲ ಬಳಿಯ ಬೆಂಚಿನ ಮೇಲೆ ಕೂರುವುದು ಅವರ ಈಗಿನ ಉದ್ಯೋಗ.

ಓಟದ ದಿನ ಮೇಲಿನ ಗ್ಯಾಲರಿಯಲ್ಲಿ ಬೇರೆಯದೇ ಲೋಕ. ಗರಿ ಸಿಕ್ಕಿಸಿದ ದೊಡ್ಡ ಟೋಪಿಯ ಹೆಂಗಸರು, ಬಿಸಿಲಿಗೆ ಬೆವರುವ ಕೋಟಿನ ಗಂಡಸರು, ತಟ್ಟೆಗಳಲ್ಲಿ ಕಟ್ಲೆಟ್, ಕೇಕು. ಅಲ್ಲಿ ತಿನ್ನುವುದೂ ಉಡುವುದೂ ಓಟದಷ್ಟೇ ಮುಖ್ಯ. ಮೆಟ್ಟಿಲಿಳಿದು ಈ ಕೋಣೆಗೆ ಬಂದರೆ, ಅರ್ಧ ಕಿಲೋ ತೂಕ ಹೆಚ್ಚಾದೀತೆಂದು ಹಿಂದಿನ ದಿನದಿಂದ ನೀರನ್ನೂ ಅಳೆದು ಕುಡಿದ ಜಾಕಿಗಳು ಸಿಗುತ್ತಾರೆ. ಕೊನೆಯ ಓಟ ಮುಗಿಸಿ ಬಂದವರಿಗೆ ಕೊಡಲು ಬಣ್ಣದಕ್ಕ ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ ಇಟ್ಟಿರುತ್ತಾರೆ. "ಮೇಲಿನವ್ರ ಬಟ್ಟೆ ವರ್ಷಕ್ಕೊಂದ್ಸಲ ಬಿಗಿಯಾಗುತ್ತೆ. ನನ್ನ ಹುಡುಗರದ್ದು ವರ್ಷಕ್ಕೊಂದ್ಸಲ ಸಡಿಲ ಆಗುತ್ತೆ."

ಈ ಹುಡುಗರಿಗೆ ಮೂವತ್ತು, ಮೂವತ್ತೈದು ವಯಸ್ಸು. ನಂಬಿಕೆಗಳೂ ಒಂದೊಂದು ಮೂಟೆ. ಒಬ್ಬ ಅಂಗಿಯ ಎಡತೋಳನ್ನೇ ಮೊದಲು ತೊಡಬೇಕು. ಇನ್ನೊಬ್ಬನ ಟೋಪಿ ನೆಲ ಮುಟ್ಟಬಾರದು. ಮಾಲೀಕರೊಬ್ಬರಂತೂ ಗೆದ್ದ ಅಂಗಿಯನ್ನು ಮುಂದಿನ ಓಟದವರೆಗೆ ಒಗೆಯಲೇಕೂಡದು ಎಂದು ಕಟ್ಟಪ್ಪಣೆ ಮಾಡಿದ್ದಾರೆ.

"ನಾನು ಒಗೀತೀನಿ. ಗಬ್ಬು ನಾತ ಯಾರು ತಡ್ಕೋತಾರೆ? ಒಗ್ದು, ಇಸ್ತ್ರಿ ಹಾಕಿ, ತೋಳಿನ ಅಂಚಿಗೆ ಚೂರು ಮಣ್ಣು ಸವರಿ ಕೊಡ್ತೀನಿ. ಅವ್ರಿಗೂ ಸಮಾಧಾನ, ನಂಗೂ ಸಮಾಧಾನ."

ನಾವಿದನ್ನು ಪತ್ರಿಕೆಯಲ್ಲಿ ಬರೆದರೆ ಆ ಮಾಲೀಕರಿಗೆ ತಿಳಿಯುವುದಿಲ್ಲವೇ?

"ಅವ್ರು ಓಟದ ಪುಟ ಬಿಟ್ಟು ಬೇರೆ ಓದಲ್ಲ ಬಿಡಿ."

ತಮ್ಮ ಹೊಲಿಗೆಯನ್ನು ತಾವೇ ಬಿಚ್ಚುವ ಕಥೆ ಹೋದ ವರ್ಷದ್ದು. ಅವರ ಎರಡೂ ಕಣ್ಣಿಗೆ ಪೊರೆ ಬರತೊಡಗಿ ಆಗಲೇ ವರ್ಷದ ಮೇಲಾಗಿತ್ತು. ಪೊರೆ ಬಂದರೆ ಬರೀ ಮಂಜಾಗುವುದಿಲ್ಲ. ಲೋಕಕ್ಕೆಲ್ಲ ಚಹಾದ ಬಣ್ಣ ಹಿಡಿಯುತ್ತದೆ. ಬಿಳಿಯೂ ತಿಳಿಹಳದಿಯೂ ಒಂದೇ, ಕಪ್ಪೂ ಕಡುನೀಲಿಯೂ ಒಂದೇ. ಅದು ನಿಧಾನವಾಗಿ ಬರುವುದರಿಂದ, ಬಂದದ್ದು ಬಂದವರಿಗೇ ತಿಳಿಯುವುದಿಲ್ಲ. ಬಲ್ಬು ಹಳೆಯದಾಗಿದೆ ಎಂದುಕೊಂಡು ಅವರು ಎರಡು ಸಲ ಬಲ್ಬು ಬದಲಿಸಿದರು. ಅನುಮಾನ ಬಂದ ಮೇಲೂ ಯಾರಿಗೂ ಹೇಳಲಿಲ್ಲ. ಇದನ್ನು ಅವರೇ ಒಪ್ಪಿಕೊಳ್ಳುತ್ತಾರೆ. ಕಣ್ಣು ಕೈಕೊಟ್ಟಲ್ಲಿ ಬೆರಳನ್ನು ನಂಬಿದರು. ಯಾವ ಅಂಗಿ ಎಲ್ಲಿ ನೇತಾಡುತ್ತದೆ ಎಂಬುದು ಬಾಯಿಪಾಠವಾಗಿತ್ತು. ಉಳಿದದ್ದನ್ನು ಮುಟ್ಟಿ ತಿಳಿಯುತ್ತಿದ್ದರು.

ಒಬ್ಬನೇ ಮಾಲೀಕನ ಎರಡು ಕುದುರೆ ಒಂದೇ ಓಟದಲ್ಲಿದ್ದರೆ ಅಂಗಿ ಎರಡಕ್ಕೂ ಒಂದೇ. ವ್ಯತ್ಯಾಸ ಟೋಪಿಯಲ್ಲಿ ಮಾತ್ರ. ಅವತ್ತು ಮೊದಲ ಕುದುರೆಗೆ ಹಳದಿ ಟೋಪಿ, ಎರಡನೆಯದಕ್ಕೆ ಬಿಳಿ ಎಂದು ಓಟದ ಪಟ್ಟಿಯಲ್ಲಿ ಅಚ್ಚಾಗಿತ್ತು. ಹಳದಿ ಟೋಪಿ ಹಳೆಯದು, ಬಟ್ಟೆ ಮೆತ್ತಗೆ. ಬಿಳಿಯದು ಹೊಸದು, ಗರಿಗರಿ. ಬೆರಳಿಗೆ ಅಷ್ಟು ಸಾಕಾಗಿತ್ತು. ಆದರೆ ಹಿಂದಿನ ವಾರವಷ್ಟೇ ಮಾಲೀಕರು ಹಳದಿಯನ್ನೂ ಹೊಸದು ಮಾಡಿಸಿದ್ದರು. ಬಣ್ಣದಕ್ಕನ ಕೈಗೆ ಎರಡೂ ಗರಿಗರಿ ಎನಿಸಿದವು. ಅದಲುಬದಲಾದವು.

ಹಳದಿ ಟೋಪಿ ತೊಟ್ಟ ಎರಡನೇ ಕುದುರೆಯ ಜಾಕಿಗೂ ಗೊತ್ತಾಗಲಿಲ್ಲ. ಅವನನ್ನು ಎಲ್ಲರೂ ಗುಬ್ಬಿ ಎನ್ನುತ್ತಾರೆ. "ಅಕ್ಕ ಕೊಟ್ರು, ಹಾಕ್ಕೊಂಡೆ. ಕುದುರೆ ಮೇಲೆ ಕೂತು ಕನ್ನಡಿ ನೋಡ್ಕೋತೀನಾ?" ಎಂದು ಕೇಳುತ್ತಾನೆ. ಧ್ವನಿವರ್ಧಕದಲ್ಲಿ ವರದಿ ಹೇಳುತ್ತಿದ್ದವನು ಟೋಪಿ ನೋಡಿ, ಜನ ಹೆಚ್ಚು ದುಡ್ಡು ಹಾಕಿದ್ದ ಮೊದಲ ಕುದುರೆಯೇ ಗೆದ್ದಿತು ಎಂದು ಕೂಗಿದ. ಗ್ಯಾಲರಿ ಕುಣಿಯಿತು. ಎರಡನೆಯದಕ್ಕೆ ದುಡ್ಡು ಹಾಕಿದವರು ಚೀಟಿ ಹರಿದೆಸೆದರು. ಎರಡು ನಿಮಿಷದ ಮೇಲೆ, ಜೀನಿನ ಕೆಳಗಿನ ಬಟ್ಟೆಯಲ್ಲಿದ್ದ ಸಂಖ್ಯೆ ನೋಡಿ ತೀರ್ಪುಗಾರರು ನಿಜವಾದ ಫಲಿತಾಂಶ ಹಾಕಿದರು. ಗೆದ್ದದ್ದು ಎರಡನೆಯದು. ಆಮೇಲೆ ಕೋಟು ತೊಟ್ಟ ಗಂಡಸರು ಕುರ್ಚಿಗಳ ಕೆಳಗೆ ಮಂಡಿಯೂರಿ ಚೀಟಿಯ ಚೂರು ಹುಡುಕಿದರು.

"ನಾನು ಮೆಟ್ಟಿಲು ಹತ್ತಿ ಹೋಗಿ ನೋಡ್ದೆ. ಒಬ್ರು ವಯಸ್ಸಾದವ್ರು ಚೂರುಗಳನ್ನ ಜೋಡಿಸ್ಕೊಂಡು ನೆಲದಲ್ಲೇ ಕೂತಿದ್ರು. ನಗೋ ವಿಷ್ಯ ಅಲ್ಲ," ಎನ್ನುತ್ತಾರೆ ಬಣ್ಣದಕ್ಕ. ಅವರಿಗೆ ನಗು ಬೇಗ ಬರುತ್ತದೆ. ಇದನ್ನು ಹೇಳುವಾಗ ಬರಲಿಲ್ಲ.

ಕ್ಲಬ್ಬು ಪತ್ರ ಕೊಟ್ಟಿತು. ಇನ್ನೊಂದು ತಪ್ಪಾದರೆ ಕೋಣೆಯ ಕೀಲಿ ಹೊರಗಿನ ಲಾಂಡ್ರಿ ಕಂಪನಿಗೆ. ಆ ಪತ್ರವನ್ನು ಅವರು ಬೀರುವಿನ ಬಾಗಿಲ ಒಳಗೆ ಗುಂಡುಸೂಜಿ ಹಾಕಿ ಚುಚ್ಚಿದ್ದಾರೆ. ದಾರದುಂಡೆ ತೆಗೆಯಲು ಹೋದಾಗಲೆಲ್ಲ ಕಾಣುತ್ತದೆ.

ಓಟವಿಲ್ಲದ ತಿಂಗಳಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯ ಗೋಡೆ ನೀಲಿ ಎಂದು ಗೊತ್ತಾಯಿತಂತೆ. ಪಕ್ಕದಲ್ಲಿದ್ದ ಗಂಡನನ್ನು ನೋಡಿ ಮೊದಲು ಆಡಿದ ಮಾತು, "ಏನ್ರೀ, ಇಷ್ಟು ಬೆಳ್ಳಗಾಗಿದೆ ತಲೆ?"

ಈ ಋತುವಿನ ಮೊದಲ ಓಟಕ್ಕೆ ಹತ್ತು ದಿನ ಇರುವಾಗ ಅವರು ಪೆಟ್ಟಿಗೆ ತೆರೆದು ಅಂಗಿಗಳನ್ನು ಹೊರತೆಗೆದರು. ಕಿಟಕಿಗೆ ಹಿಡಿದು ನೋಡಿ, ಒಂದೊಂದನ್ನೇ ಬೇರೆ ಇಡತೊಡಗಿದರು. ಕಡುನೀಲಿ ಅಂಗಿಗಳಲ್ಲಿ ಕರಿ ತೇಪೆ. ಬಿಳಿ ಅಂಗಿಗಳಲ್ಲಿ ಹಳದಿ ಮಿಶ್ರಿತ ತೇಪೆ. ಎರಡು ವರ್ಷ ತಾವೇ ಹಚ್ಚಿದವು. ಎಣಿಸಿದರೆ ನಲವತ್ತೊಂದು.

ಯಾರೂ ಗಮನಿಸಿರಲಿಲ್ಲ. ಮಾಲೀಕರಾಗಲಿ, ಜಾಕಿಗಳಾಗಲಿ ಒಂದು ಮಾತೂ ಆಡಿರಲಿಲ್ಲ. ಅಂದಿನಿಂದ ದಿನವೂ ನಸುಕಿಗೇ ಬಂದು ಬಿಚ್ಚಿ ಹೊಲಿಯುತ್ತಿದ್ದಾರೆ. ನಾವು ಭೇಟಿಯಾದ ಈ ಶುಕ್ರವಾರದ ಹೊತ್ತಿಗೆ ಮೂವತ್ತಮೂರು ಮುಗಿದಿವೆ. ನಾಳೆಯೇ ಮೊದಲ ಓಟ. ನಾಳೆ ಹೊರಡುವ ಅಂಗಿಗಳಲ್ಲಿ ಉಳಿದದ್ದು ಎರಡು: ಕೈಯಲ್ಲಿರುವ ಈ ಕಡುನೀಲಿ, ಮೊಳೆಗೆ ನೇತುಹಾಕಿರುವ ಒಂದು ಬಿಳಿ. ಬಿಳಿಯದರ ಭುಜದಲ್ಲಿ ಅಂಗೈಯಗಲದ ತೇಪೆ. ಅದಕ್ಕೆ ಹೊಂದುವ ಸ್ಯಾಟಿನ್ ಬಟ್ಟೆ ಅಂಗಡಿಗೆ ಬರುವುದು ಸೋಮವಾರ. ತೇಪೆ ಬಿಚ್ಚಿದರೆ ತೂತು, ಬಿಟ್ಟರೆ ತಪ್ಪು ಬಣ್ಣ. ಅಂಗಿಯ ಬಣ್ಣ ನೋಂದಣಿ ಪುಸ್ತಕದಂತೆ ಇಲ್ಲದಿದ್ದರೆ ಓಟಕ್ಕೆ ಮುಂಚೆ ಸೆಕ್ರೆಟರಿಗೆ ತಿಳಿಸಬೇಕು ಎಂಬುದು ನಿಯಮ.

"ಸುಮ್ನಿದ್ಬಿಡೇ," ಎನ್ನುತ್ತಾರೆ ಬೆಂಚಿನ ಮೇಲಿಂದ ಗಂಡ. "ಎರಡು ವರ್ಷ ಕಾಣದ್ದು ನಾಳೆ ಎರಡು ನಿಮಿಷದಲ್ಲಿ ಕಾಣುತ್ತಾ? ನೀನಾಗೇ ಹೋಗಿ ಕೀಲಿ ಕೊಟ್ಟು ಬರ್ತೀಯಾ?"

"ನೀವು ಲಾಳ ಸಡಿಲ ಇದ್ರೆ ಸುಮ್ನೆ ಬಿಡ್ತಿದ್ರಾ?"

"ಲಾಳ ಬಿದ್ರೆ ಕುದುರೆ ಬೀಳುತ್ತೆ. ತೇಪೆಗೆ ಯಾರು ಬೀಳ್ತಾರೆ?"

"ಹೋದ ವರ್ಷ ಚೀಟಿ ಹುಡುಕ್ತಾ ಬಿದ್ರಲ್ಲ, ನೋಡ್ಲಿಲ್ವಾ?"

ಗಂಡ ಚಹಾ ಬಗ್ಗಿಸಿಕೊಳ್ಳುತ್ತಾರೆ. ಅವರು ಹೇಳಿದ್ದೂ ತಪ್ಪಲ್ಲ. ಆ ತೇಪೆಯಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಣ್ಣದಕ್ಕ ಬಿಳಿ ಅಂಗಿಯನ್ನು ತೋಳಿನ ಮೇಲೆ ಹಾಕಿಕೊಂಡು ಸೆಕ್ರೆಟರಿಯ ಮೇಜಿನ ಮುಂದೆ ನಿಲ್ಲುತ್ತಾರೆ. ಸೆಕ್ರೆಟರಿ ಅಂಗಿಯನ್ನು ತಿರುಗಾ ಮುರುಗಾ ಮಾಡಿ ನೋಡುತ್ತಾರೆ.

"ಎಲ್ಲಿದೆ?"

"ಭುಜದ ಮೇಲೆ, ಸಾರ್."

ಕನ್ನಡಕ ತೆಗೆದು ನೋಡುತ್ತಾರೆ. ಹಾಕಿಕೊಂಡು ನೋಡುತ್ತಾರೆ. "ಇದೊಂದೇನಾ?"

"ಒಟ್ಟು ನಲವತ್ತೊಂದಿತ್ತು. ಏಳು ಉಳಿದಿವೆ. ಇವತ್ತು ಓಡೋದು ಇದೊಂದೇ."

"ನಲವತ್ತೊಂದು!" ಸೆಕ್ರೆಟರಿ ದನಿ ತಗ್ಗಿಸುತ್ತಾರೆ. "ನಾನಿದನ್ನ ಬರ್ಕೊಂಡ್ರೆ ತಪ್ಪು ಅಂತ ಲೆಕ್ಕ. ಪತ್ರದಲ್ಲಿ ಏನಿದೆ ಗೊತ್ತಲ್ಲ?"

"ಗೊತ್ತು ಸಾರ್. ದಿನಾ ಓದ್ತೀನಿ. ಬರ್ಕೊಳ್ಳಿ."

ಅವರು ಬರೆದುಕೊಳ್ಳುತ್ತಾರೆ. ಬಿಳಿ ಅಂಗಿ ಮೂರನೇ ಓಟದಲ್ಲಿ ಓಡಿ, ಆರನೆಯದಾಗಿ ಬಂದು, ಭುಜದವರೆಗೆ ಕೆಸರು ಮೆತ್ತಿಕೊಂಡು ವಾಪಸಾಗುತ್ತದೆ. ತೇಪೆ ಯಾವುದು, ಅಂಗಿ ಯಾವುದು ಎಂದು ಬ್ರಹ್ಮನಿಗೂ ಗೊತ್ತಾಗದ ಹಾಗೆ.

ಮಂಗಳವಾರ ಕ್ಲಬ್ಬಿನ ಸಮಿತಿ ಸೇರಿತು. ಬಣ್ಣದಕ್ಕನನ್ನು ಬಾಗಿಲ ಹೊರಗೆ ಕೂರಿಸಿದ್ದರು. ಒಪ್ಪಿಸಬೇಕಾದೀತೆಂದು ಅವರು ಕೀಲಿಯನ್ನು ತೊಳೆದು ಒರೆಸಿ ಚೀಲದಲ್ಲಿ ತಂದಿದ್ದರು. ಒಳಗೆ, ಇನ್ನೂ ಬಿಚ್ಚದ ಏಳು ಅಂಗಿಗಳನ್ನು ದೊಡ್ಡ ಮೇಜಿನ ಮೇಲೆ ಹರಡಿ ಆರು ಮಂದಿ ಸದಸ್ಯರು ತಪ್ಪು ಹುಡುಕಿದರು. ಕಿಟಕಿಗೆ ಹಿಡಿದರು, ಫೋನಿನ ದೀಪ ಹಾಕಿದರು. ಮುಕ್ಕಾಲು ಗಂಟೆಯಲ್ಲಿ ಮೂರು ಸಿಕ್ಕವು. ಅದರಲ್ಲೊಂದು ತೇಪೆಯೇ ಅಲ್ಲ, ಚಹಾದ ಕಲೆ.

"ಆಮೇಲೆ ಬಾಗಿಲು ತೆಗ್ದು ನನ್ನನ್ನೇ ಕರೆದ್ರು, ತಪ್ಪು ಎಲ್ಲೆಲ್ಲಿದೆ ತೋರ್ಸಮ್ಮ ಅಂತ," ಎನ್ನುತ್ತಾರೆ ಬಣ್ಣದಕ್ಕ. ಈಗ ನಗು ಬರುತ್ತದೆ. "ತೋರಿಸ್ದೆ. ಅವ್ರಿಗಿಂತ ನಂಗೇ ನಾಚಿಕೆ ಆಯ್ತು."

ಕೀಲಿ ಈ ಋತು ಮುಗಿಯುವವರೆಗೆ ಅವರದ್ದೇ. ಅದರಾಚೆಗೆ ಒಂದು ಷರತ್ತು: ಮುಂದಿನ ಋತುವಿಗೆ ಮುಂಚೆ ಎಡಗಣ್ಣಿನ ಪೊರೆಯನ್ನೂ ತೆಗೆಸಬೇಕು, ವೈದ್ಯರ ಚೀಟಿ ತರಬೇಕು. ಹಳೆಯ ಪತ್ರವನ್ನು ಯಾರೂ ಹಿಂದಕ್ಕೆ ಪಡೆದಿಲ್ಲ. ಅದು ಬೀರುವಿನಲ್ಲೇ ಇದೆ.

ಬುಧವಾರ ಬೆಳಿಗ್ಗೆ, ಅಂಗಡಿಯಿಂದ ತಂದ ಸ್ಯಾಟಿನ್ ಪಕ್ಕದಲ್ಲಿದೆ. ಬಿಳಿ ಅಂಗಿ ಒಗೆದು ಒಣಗಿ ಮತ್ತೆ ಅವರ ತೊಡೆ ಮೇಲಿದೆ. ಎಡಗಣ್ಣು ಮುಚ್ಚಿ ನೋಡುತ್ತಾರೆ, ಬಲಗಣ್ಣು ಮುಚ್ಚಿ ನೋಡುತ್ತಾರೆ. ಇನ್ನೊಂದು ಶಸ್ತ್ರಚಿಕಿತ್ಸೆಗೆ ಹೆದರಿಕೆ ಇಲ್ಲವೇ ಎಂದರೆ, ಇದೆ ಎನ್ನುತ್ತಾರೆ, ಸುಳ್ಳು ಹೇಳುವುದಿಲ್ಲ. ಆಮೇಲೆ ಕತ್ತರಿ ಎತ್ತಿಕೊಳ್ಳುತ್ತಾರೆ.

"ಈ ಎಡಗಣ್ಣನ್ನ ಕೇಳಿದ್ರೆ ಇವತ್ತಿಗೂ ನಾನೊಂದು ತಪ್ಪೂ ಮಾಡಿಲ್ಲ ಅನ್ನುತ್ತೆ. ಅಂಥದ್ದನ್ನ ಇಟ್ಕೊಂಡು ಕೆಲ್ಸ ಮಾಡೋಕಾಗುತ್ತಾ?"