ಬಲಗೈಯ ಪರೀಕ್ಷೆ

ಗೆಳೆಯರೇ, ಎತ್ತಿನ ಗಾಡಿಯಿಂದ ಬಿದ್ದು ಸೋತಿದ್ದ ನನ್ನ ಬಲಗೈಯನ್ನು ಇವತ್ತು ಮೂಡಿಗೆರೆಯಲ್ಲಿ ಡಾಕ್ಟರು ಪರೀಕ್ಷೆ ಮಾಡಿದರು. ಬಿಳಿ ದೊರೆಗಳ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ನನಗೆ ಬಲಗೈಯೇ ಅನ್ನ.

ಚಾಚಿದ ತೋಳನ್ನು ಅವರು ಕೆಳಕ್ಕೆ ಒತ್ತುತ್ತ, "ಬಿಡಬೇಡಿ, ತಡೀರಿ" ಎಂದರು. ತಡೆದೆ. ಸ್ವಲ್ಪ ಹೊತ್ತಿಗೆ ತೋಳು ಕುಸಿಯಿತು.

"ಅರ್ಧ ಬಲ ಬಂದಿದೆ. ದಿನಾ ಯಾರಾದ್ರೂ ಹೀಗೇ ಒತ್ತಿ ಅಭ್ಯಾಸ ಮಾಡಿಸ್ಬೇಕು. ಮನೇಲಿ ಯಾರಿದ್ದಾರೆ?"

"ಹೆಂಡ್ತಿ ಇದ್ದಾಳೆ" ಎಂದುಬಿಟ್ಟೆ. ಅವಳು ತೀರಿಕೊಂಡು ಎರಡು ವರ್ಷವಾಯಿತು. ನನ್ನ ಬಾಯಿಗೆ ಅದಿನ್ನೂ ತಿಳಿದಿಲ್ಲ.

"ನಾಳೆ ಅವ್ರನ್ನೂ ಕರ್ಕೊಂಡು ಬನ್ನಿ. ಹೇಗೆ ಒತ್ತೋದು ಅಂತ ತೋರಿಸ್ಕೊಡ್ತೀನಿ" ಎಂದರು. ನಾನು ತಲೆಯಾಡಿಸಿ ಬಂದೆ.

ನಾಳೆ ಏನು ಹೇಳಲಿ? ತವರಿಗೆ ಹೋಗಿದ್ದಾಳೆ ಎಂದರೆ, ಬರುವುದು ಯಾವಾಗ ಎಂದು ಕೇಳುತ್ತಾರೆ.